ಪರದೇಶದಲ್ಲಿ ಶಿಕ್ಷಾರ್ಥಿಯ ಮೊದಲ ದಿನಗಳು

ಕಲಿಯುವ ಸಲುವಾಗಿ ಕಡಲು ದಾಟಿ ಹೋಗುವುದು ಧಾರವಾಡ ಸೀಮೆಗೆ ಹೊಸ ಸಂಗತಿಯೇನಲ್ಲ. ಸೇವಾದಳವನ್ನು ಕಟ್ಟಿದ ಡಾಕ್ಟರ್ ನಾ. ಸು. ಹರ್ಡೀಕರರು 1913ರಲ್ಲಿ ಅಮೆರಿಕೆಗೆ ತೆರಳಿ, ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ಆರೋಗ್ಯವನ್ನು ಅಭ್ಯಾಸ ಮಾಡಿ, 1921ರಲ್ಲಿ ತಾಯ್ನಾಡಿಗೆ ಮರಳಿದರು. ವಿನಾಯಕ ಕೃಷ್ಣ ಗೋಕಾಕರು 1936ರಲ್ಲಿ ಆಕ್ಸ್‌ಫರ್ಡಿಗೆ ಹೋಗಿ ಬಂದುದನ್ನು ನಮ್ಮ ಸಾಹಿತ್ಯಾಸಕ್ತರೆಲ್ಲ ಬಲ್ಲರು. ಇವರು ಪುಸ್ತಕದ ವಿದ್ಯೆಗಾಗಿ ಹೋದವರು. ಈಗ ಹೋಗುತ್ತಿರುವವರಲ್ಲಿ ಇನ್ನೊಂದು ವರ್ಗವುಂಟು. ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿಯಂಥ ತಾಲೂಕುಗಳ ಹಳ್ಳಿಗಳಿಂದ ಐ.ಟಿ.ಐ. ಮುಗಿಸಿದ, ಕೃಷಿ ಡಿಪ್ಲೊಮಾ ಪಡೆದ ತರುಣರಿಗೂ ಈಗ ಪರದೇಶದ ದಾರಿ ತೆರೆದಿದೆ. ಕೈಯಿಂದ ಕೆಲಸ ಮಾಡುತ್ತಲೇ ಕಲಿತು ಬರಬೇಕೆಂಬುದು ಇವರ ಉದ್ದೇಶ. ಅಂಥವರಲ್ಲಿ ನಾನೂ ಒಬ್ಬ. ನವಲಗುಂದ ತಾಲೂಕಿನ ಒಕ್ಕಲು ಮನೆತನದಲ್ಲಿ ಹುಟ್ಟಿ, 2022ರ ಅಕ್ಟೋಬರಿನಿಂದ ಮೂರು ವರ್ಷ ಜಪಾನಿನ ಇಬಾರಾಕಿ ಪ್ರಾಂತದಲ್ಲಿ ಕಾಯಿಪಲ್ಯದ ಬೇಸಾಯದಲ್ಲಿ ತರಬೇತಿ ಪಡೆದು ಬಂದಿದ್ದೇನೆ. ಹೊರಡಲಿರುವ ತರುಣರಿಗೂ ಅವರನ್ನು ಕಳಿಸಿಕೊಡುವ ತಂದೆತಾಯಿಗಳಿಗೂ ಉಪಯೋಗವಾದೀತೆಂಬ ಆಶೆಯಿಂದ ಅಲ್ಲಿ ನೆಲೆಗೊಳ್ಳುವ ವಿಷಯವಾಗಿ ನಾಲ್ಕು ಮಾತು ಹೇಳುತ್ತೇನೆ.

ಮೊದಲು ಹೆಸರಿನ ವಿಚಾರ. ಇಂಗ್ಲಿಷಿನಲ್ಲಿ ಇಂಟರ್ನ್ ಎಂದು ಕರೆಯುವವನನ್ನು ಜಪಾನೀಯರು 'ಗಿನೋ ಜಿಶ್ಶೂಸೇ' ಎನ್ನುತ್ತಾರೆ. ಕಸಬನ್ನು ಪ್ರತ್ಯಕ್ಷ ಮಾಡಿ ಕಲಿಯುವ ಶಿಕ್ಷಾರ್ಥಿ ಎಂದು ಅದರ ಅರ್ಥ. ಈ ಪದ್ಧತಿಯನ್ನು ಅವರು 1993ರಲ್ಲಿ ಆರಂಭಿಸಿದರು. ಭಾರತದೊಡನೆ ಈ ಕುರಿತು ಒಡಂಬಡಿಕೆಯಾದುದು 2017ರ ಅಕ್ಟೋಬರಿನಲ್ಲಿ. ಮೊದಲ ವರ್ಷದ ಕೊನೆಗೆ ಒಂದು ಪರೀಕ್ಷೆ. ಅದರಲ್ಲಿ ಉತ್ತೀರ್ಣನಾದರೆ ಇನ್ನೆರಡು ವರ್ಷ. ಕೆಲವು ಕಟ್ಟಳೆಗಳಿಗೆ ಒಳಪಟ್ಟು ಮತ್ತೆರಡು ವರ್ಷ. ಹೀಗೆ ಒಟ್ಟು ಐದು ವರ್ಷದವರೆಗೆ ಅವಕಾಶ. ಹೆಸರಿಗೆ ಇವನು ಕಲಿಯುವವನು. ಆದರೆ ಮುಂಜಾನೆ ಎದ್ದು ಹೊಲಕ್ಕೋ ಕಾರಖಾನೆಗೋ ಹೋಗಿ ದುಡಿದು ಪಗಾರ ಎಣಿಸುವವನೂ ಇವನೇ. ಕಲಿಯುವವನು ಗುರುವಿನ ಮಾತಿಗೆ ಎದುರಾಡುವುದಿಲ್ಲ. ದುಡಿಯುವವನಾದರೋ ತನ್ನ ತಾಸು, ತನ್ನ ಕೂಲಿ ಕೇಳಿ ಪಡೆಯಬೇಕು. ಈ ಎರಡು ಧರ್ಮಗಳು ಒಬ್ಬನ ಹೆಗಲ ಮೇಲೆಯೇ ಬೀಳುತ್ತವೆ. ಯಾವಾಗ ತಾನು ಶಿಷ್ಯ, ಯಾವಾಗ ಕೆಲಸಗಾರ ಎಂಬ ವಿವೇಕ ಬಂದಂದು ಪರದೇಶದಲ್ಲಿ ಅವನ ಕಾಲು ನೆಲೆಗೊಂಡಿತೆನ್ನಬೇಕು. ನಾನು ಹೇಳಬೇಕೆಂದಿರುವುದರ ಸಾರವೂ ಇಷ್ಟೇ.

ನೆಲೆಗೊಳ್ಳುವ ಕೆಲಸ ಹೊರಡುವ ಮೊದಲೇ, ಮನೆಯ ಪಡಸಾಲೆಯಲ್ಲಿಯೇ ಶುರುವಾಗುತ್ತದೆ. ಎರೆ ಹೊಲವನ್ನು ಒತ್ತೆಯಿಟ್ಟು ಸಾಲ ತಂದು ಮಗನನ್ನು ಕಳಿಸಿದರೆ, ವಿಮಾನದಿಂದ ಇಳಿಯುವ ಹೊತ್ತಿಗೆ ಅವನು ಅರ್ಧ ಸ್ವಾತಂತ್ರ್ಯ ಕಳೆದುಕೊಂಡಿರುತ್ತಾನೆ. ಜಪಾನಿನ ವಲಸೆ ಇಲಾಖೆ 2022ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಬೇರೆ ಬೇರೆ ದೇಶಗಳಿಂದ ಬಂದ ಶಿಕ್ಷಾರ್ಥಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಸಾಲ ಮಾಡಿ ಬಂದವರೆಂದು ಕಂಡುಬಂದಿತು. ಬಡ್ಡಿಯ ಹೆದರಿಕೆಯಿದ್ದವನು ಅನ್ಯಾಯ ಕಂಡರೂ ಬಾಯಿ ತೆರೆಯಲಾರ. ನಮ್ಮ ದೇಶದಲ್ಲಿ 1983ರ ವಲಸೆ ಕಾಯಿದೆಯ ಮೇರೆಗೆ, ಜನರನ್ನು ಕೆಲಸಕ್ಕಾಗಿ ಪರದೇಶಕ್ಕೆ ಕಳಿಸುವ ದಲ್ಲಾಳಿ ಸರಕಾರದಲ್ಲಿ ನೋಂದಾಯಿಸಿಕೊಂಡಿರಬೇಕು. ಅಭ್ಯರ್ಥಿಯಿಂದ ಅವನು ಪಡೆಯುವ ಸೇವಾಶುಲ್ಕಕ್ಕೆ ಅದರ ನಿಯಮಗಳು 30,000 ರೂಪಾಯಿ ಮತ್ತು ಅದರ ಮೇಲಿನ ತೆರಿಗೆ ಎಂಬ ಮಿತಿ ಹಾಕಿವೆ. ಜಪಾನಿನ ಶಿಕ್ಷಾರ್ಥಿ ಯೋಜನೆಗೆ ಕಳಿಸುವ ಸಂಸ್ಥೆಗಳಿಗೆ ರಾಷ್ಟ್ರೀಯ ಕೌಶಲ ಅಭಿವೃದ್ಧಿ ನಿಗಮದ ಮನ್ನಣೆ ಬೇಕು. ಲಕ್ಷ ಲಕ್ಷ ಕೇಳುವವರ ಮುಂದೆ ಈ ಎರಡು ಸಂಗತಿಗಳನ್ನಾದರೂ ತಂದೆಯಾದವರು ಎತ್ತಿ ಕೇಳಬೇಕು. ಕರಾರುಪತ್ರದ ಒಂದು ಪ್ರತಿ ಮಗನ ಚೀಲದಲ್ಲಿದ್ದರೆ ಇನ್ನೊಂದು ಮನೆಯ ಟ್ರಂಕಿನಲ್ಲಿರಬೇಕು. 1980ರ ಜುಲೈ 21ರಂದು ನೀರಾವರಿಯ ಕರದ ವಿರುದ್ಧ ಎದ್ದು ನಿಂತ ನೆಲ ನಮ್ಮದು. ಕಾಗದದ ಮೇಲಿನ ಅಂಕಿ ಒಕ್ಕಲಿಗನ ಬದುಕನ್ನು ಎಲ್ಲಿಗೆ ಮುಟ್ಟಿಸಬಲ್ಲುದೆಂದು ನಮಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ.

ಚೀಲದಲ್ಲಿ ಏನನ್ನು ಒಯ್ಯಬೇಕೆಂಬುದೂ ಸಣ್ಣ ಪ್ರಶ್ನೆಯಲ್ಲ. ಹಸಿ ಕಾಯಿಪಲ್ಯ, ಹಣ್ಣು, ಬಿತ್ತನೆಯ ಬೀಜಗಳನ್ನು ರೋಗಮುಕ್ತ ಪ್ರಮಾಣಪತ್ರವಿಲ್ಲದೆ ಒಳಗೆ ಬಿಡುವುದಿಲ್ಲ. ನೆಗಡಿಯ ಕೆಲವು ಗುಳಿಗೆಗಳು ಇಲ್ಲಿ ಸಾಮಾನ್ಯವೆನಿಸಿದರೂ ಅಲ್ಲಿ ನಿಷಿದ್ಧ. ಔಷಧಿಯ ಜೊತೆಗೆ ಡಾಕ್ಟರರ ಚೀಟಿಯೂ ಇರಲಿ, ಮೊದಲೇ ವಿಚಾರಿಸುವುದೂ ಆಗಲಿ. ನನ್ನ ತಾಯಿ ಕಟ್ಟಿಕೊಟ್ಟ ಶೇಂಗಾ ಚಟ್ನಿ, ಅಗಸಿ ಚಟ್ನಿಗಳು ಮೂರು ತಿಂಗಳು ಬಾಳಿದವು.

ವಿಮಾನ ನಿಲ್ದಾಣದಲ್ಲಿಯೇ ವಾಸದ ಗುರುತುಚೀಟಿ ಕೈಗೆ ಬರುತ್ತದೆ. ಅದನ್ನು ಸದಾ ಜೊತೆಯಲ್ಲಿ ಇಟ್ಟುಕೊಂಡಿರಬೇಕು. ಮನೆ ಸೇರಿದ 14 ದಿನಗಳೊಳಗೆ ಊರಿನ ಪುರಸಭೆಗೆ ಹೋಗಿ ವಿಳಾಸ ಬರೆಸಬೇಕು. ಆ ಬಳಿಕವೇ ವಿಮೆ, ಬ್ಯಾಂಕು ಮೊದಲಾದವು ಒಂದೊಂದಾಗಿ ಕೂಡಿಬರುತ್ತವೆ. ಈ ಚೀಟಿಯನ್ನಾಗಲಿ ಪಾಸ್‌ಪೋರ್ಟನ್ನಾಗಲಿ "ನಮ್ಮ ಹತ್ತಿರ ಭದ್ರವಾಗಿರುತ್ತದೆ, ಕೊಡು" ಎಂದು ಯಾರಾದರೂ ಕೇಳಿದರೆ ಕೊಡಬೇಕಾಗಿಲ್ಲ. ಶಿಕ್ಷಾರ್ಥಿಯ ಪಾಸ್‌ಪೋರ್ಟು ಹಿಡಿದಿಡುವುದು, ನಡುವೆ ಬಿಟ್ಟುಹೋದರೆ ದಂಡವೆಂದು ಕರಾರು ಬರೆಸಿಕೊಳ್ಳುವುದು, ಇವೆರಡೂ ಅಲ್ಲಿಯ 2016ರ ಶಿಕ್ಷಾರ್ಥಿ ಕಾಯಿದೆಯ ಪ್ರಕಾರ ಅಪರಾಧ.

ಮೊದಲ ಒಂದು ತಿಂಗಳು ನಮ್ಮನ್ನು ಹೊಲಕ್ಕೆ ಬಿಡಲಿಲ್ಲ. ತರಬೇತಿ ಕೇಂದ್ರದಲ್ಲಿ ಭಾಷೆ, ರಸ್ತೆಯ ನಿಯಮ, ಅಡಿಗೆ ಅನಿಲದ ಬಳಕೆ, ಭೂಕಂಪವಾದಾಗ ಮಾಡಬೇಕಾದುದು ಇವೆಲ್ಲವನ್ನೂ ಕಲಿಸಿದರು. ಈ ಅವಧಿಯಲ್ಲಿ ಶಿಕ್ಷಾರ್ಥಿಯನ್ನು ಕೆಲಸಕ್ಕೆ ಹಚ್ಚಲು ಮಾಲಿಕನಿಗೆ ಅಧಿಕಾರವಿಲ್ಲ. ಕಾನೂನಿನ ರಕ್ಷಣೆಯ ಕುರಿತು ಹೊರಗಿನ ಪರಿಣತರೊಬ್ಬರು ಬಂದು ಪಾಠ ಹೇಳಲೇಬೇಕೆಂಬ ನಿಯಮವೂ ಉಂಟು. ಪೊಲೀಸರಿಗೆ 110, ಬೆಂಕಿ ಮತ್ತು ಆಂಬುಲೆನ್ಸಿಗೆ 119 ಎಂಬ ಎರಡು ಸಂಖ್ಯೆಗಳನ್ನು ನಮ್ಮಿಂದ ಬಾಯಿಪಾಠ ಮಾಡಿಸಿದರು. 2011ರ ಮಾರ್ಚ್ 11ರ ಮಹಾಕಂಪದಲ್ಲಿ ಇಬಾರಾಕಿಯ ಕರಾವಳಿಯೂ ಪೆಟ್ಟು ತಿಂದಿತ್ತು. ಹೀಗಾಗಿ ಆ ಪಾಠವನ್ನು ಅಲ್ಲಿ ಯಾರೂ ಹಗುರಾಗಿ ತೆಗೆದುಕೊಳ್ಳುವುದಿಲ್ಲ.

ಭಾಷೆಯ ವಿಷಯವಾಗಿ ಕನ್ನಡಿಗರಿಗೆ ಒಂದು ಸಂತೋಷದ ಸುದ್ದಿ ಹೇಳಬಹುದು. ಇಂಗ್ಲಿಷಿನ ಮೂಲಕ ಜಪಾನಿ ಕಲಿಯಹೊರಟವನಿಗೆ ಅದು ತಲೆಕೆಳಗಾದ ಭಾಷೆಯಾಗಿ ಕಾಣುತ್ತದೆ. ಕನ್ನಡದ ಮೂಲಕ ನೋಡಿದವನಿಗೆ ವಾಕ್ಯದ ನಡಿಗೆ ಬಹುಮಟ್ಟಿಗೆ ನಮ್ಮದೇ. 'ವಾತಾಶಿ ವಾ ಇಂದೋ ಕಾರಾ ಕಿಮಾಶಿತಾ' ಎಂಬ ವಾಕ್ಯವನ್ನು ತೆಗೆದುಕೊಳ್ಳಿ. 'ವಾತಾಶಿ ವಾ' ಎಂದರೆ 'ನಾನು'. 'ಇಂದೋ' ಎಂದರೆ ಭಾರತ. 'ಕಾರಾ' ಎಂಬುದು ನಮ್ಮ 'ಇಂದ' ಪ್ರತ್ಯಯದಂತೆ ಹೆಸರಿನ ಹಿಂದೆಯೇ ಬರುತ್ತದೆ. 'ಕಿಮಾಶಿತಾ' ಎಂದರೆ 'ಬಂದೆ'. 'ನಾನು ಭಾರತದಿಂದ ಬಂದೆ' ಎಂಬ ಕನ್ನಡ ವಾಕ್ಯದ ಕ್ರಮ ಒಂದಿಷ್ಟೂ ಕದಲಿಲ್ಲ. ಕ್ರಿಯಾಪದ ಕೊನೆಯಲ್ಲಿಯೇ ಕುಳಿತಿದೆ. ಪ್ರಶ್ನೆ ಕೇಳಬೇಕಾದರೆ ನಾವು 'ಬಂದಿರಾ' ಎಂದು ಕೊನೆಗೆ ಸ್ವರ ಎಳೆಯುವಂತೆ ಅವರು 'ಕಾ' ಎಂದು ಸೇರಿಸುತ್ತಾರೆ. ಅವರ ಅಕ್ಷರಮಾಲೆಯ ಸಾಲುಗಳು ಕ, ಸ, ತ, ನ, ಹ, ಮ, ಯ, ರ, ವ ಎಂದು ನಡೆಯುತ್ತವೆ. ಬೌದ್ಧ ಧರ್ಮದೊಡನೆ ಅಲ್ಲಿಗೆ ಹೋದ ಸಂಸ್ಕೃತ ವರ್ಣಮಾಲೆಯ ಅಭ್ಯಾಸದಿಂದ ಈ ಕ್ರಮ ಬಂದಿತೆಂಬುದು ವಿದ್ವಾಂಸರ ಅಭಿಪ್ರಾಯ. ಆದರೆ ಈ ಸರಾಗ ಮಾತಿಗೆ ಮಾತ್ರ. ಚೀನೀ ಮೂಲದ ಚಿತ್ರಾಕ್ಷರಗಳ ಓದು ವರ್ಷಗಟ್ಟಲೆಯ ಕೆಲಸ. ಔಷಧಿಯ ಡಬ್ಬಿ, ಯಂತ್ರದ ಗುಂಡಿ, ಅಪಾಯದ ಫಲಕ ಇವುಗಳ ಮೇಲಿರುವ ಅಕ್ಷರಗಳನ್ನು ಮೊದಲು ಕಲಿಯತಕ್ಕದ್ದು.

ನನ್ನ ಪಾಲಿಗೆ ಬಂದ ಹೊಲದ ಮಣ್ಣು ಕಪ್ಪು. ಜಪಾನೀಯರು ಅದನ್ನು 'ಕುರೋಬೊಕು' ಎನ್ನುತ್ತಾರೆ. 'ಕುರೋ' ಎಂದರೆ ಕಪ್ಪು. ನವಲಗುಂದದ ಎರೆ ನೆಲ ನೋಡಿ ಬೆಳೆದ ಕಣ್ಣಿಗೆ ಅದು ಬಳಗದ ಮುಖದಂತೆ ಕಂಡಿತು. ಗುಣ ಮಾತ್ರ ಬೇರೆ. ನಮ್ಮ ಎರೆ ಭಾರವಾದ ಜೇಡಿ. ಮಳೆಗೆ ಉಬ್ಬಿ ಕಾಲಿಗೆ ಅಂಟುತ್ತದೆ, ಬೇಸಗೆಯಲ್ಲಿ ಬಿರಿದು ಬಾಯಿ ತೆರೆಯುತ್ತದೆ, ಒಂದೆರಡು ಒಳ್ಳೆಯ ಮಳೆಯ ಹಸಿಯನ್ನು ಹಿಡಿದಿಟ್ಟುಕೊಂಡು ಹಿಂಗಾರಿ ಜೋಳ-ಕಡಲೆಗಳನ್ನು ಸಾಕುತ್ತದೆ. ಅವರದು ಜ್ವಾಲಾಮುಖಿಯ ಬೂದಿಯಿಂದಾದ, ಎಲೆಗೊಬ್ಬರದ ಅಂಶ ತುಂಬಿದ ಹಗುರ ಮಣ್ಣು. ಮುಷ್ಟಿಯಲ್ಲಿ ಹಿಡಿದರೆ ಹಿಟ್ಟಿನಂತೆ ಉದುರುತ್ತದೆ, ಗಾಳಿಗೆ ಏಳುತ್ತದೆ, ಹಾಕಿದ ರಂಜಕದ ಗೊಬ್ಬರವನ್ನು ತನ್ನಲ್ಲಿಯೇ ಬಿಗಿದಿಟ್ಟುಕೊಂಡು ಬೆಳೆಗೆ ಸುಲಭವಾಗಿ ಬಿಟ್ಟುಕೊಡುವುದಿಲ್ಲ. ನಮ್ಮಲ್ಲಿ ವರ್ಷದ ಮಳೆ ಆರುನೂರು ಮಿಲಿಮೀಟರಿನ ಆಸುಪಾಸು. ಅಲ್ಲಿ ಅದರ ಎರಡು ಪಟ್ಟು. ಇಲ್ಲಿಯ ಒಕ್ಕಲಿಗ ನೀರನ್ನು ಹಿಡಿದಿಡುವ ಉಪಾಯ ಹುಡುಕಿದರೆ ಅಲ್ಲಿಯವನು ಹೊರಗೆ ಹರಿಸುವ ಉಪಾಯ ಹುಡುಕುತ್ತಾನೆ. ಎಲೆಕೋಸಿನ ಬಳಗದ 'ಹಾಕುಸಾಯ್' ಎಂಬ ಸೊಪ್ಪನ್ನು ನಾವು ಅಲ್ಲಿ ಬೆಳೆದೆವು. ಆ ಬೆಳೆಗೆ ಇಬಾರಾಕಿ ಹೆಸರಾದ ಪ್ರಾಂತ. ಅಪ್ಪ-ಅಜ್ಜನಿಂದ ಬಂದ ತಿಳಿವಳಿಕೆಯನ್ನು ಬಿಡಬೇಕಾಗಿಲ್ಲ. ಅದು ಯಾವ ಮಣ್ಣಿನಲ್ಲಿ ಹುಟ್ಟಿದ ತಿಳಿವಳಿಕೆಯೆಂಬುದನ್ನು ನೆನಪಿನಲ್ಲಿಟ್ಟುಕೊಂಡರಾಯಿತು. ಇಲ್ಲಿ ಶಿಕ್ಷಾರ್ಥಿ ಪೂರ್ತಿ ಶಿಷ್ಯನಾಗಬೇಕು.

ಶಿಷ್ಯವೃತ್ತಿಯಲ್ಲಿ ಒಂದು ತೊಡಕು ಉಂಟು. ಜಪಾನೀಯರು ಮಾತು ಕೇಳುವಾಗ ನಡುನಡುವೆ 'ಹಾಯ್, ಹಾಯ್' ಎನ್ನುತ್ತಿರುತ್ತಾರೆ. 'ಹೌದು' ಎಂಬುದು ಅದರ ನಿಘಂಟಿನ ಅರ್ಥ. 'ಕೇಳುತ್ತಿದ್ದೇನೆ, ಮುಂದೆ ಹೇಳಿ' ಎಂಬುದು ಬಳಕೆಯ ಅರ್ಥ. ನಮ್ಮ ಹಳ್ಳಿಗಳಲ್ಲಿ ಕತೆ ಕೇಳುವವನು 'ಹೂಂ' ಗುಟ್ಟುವಂತೆ ಇದೂ. ಹಿರಿಯರ ಮಾತಿಗೆ 'ಹೂಂ ರೀ' ಎನ್ನುವುದು ನಮಗೆ ರಕ್ತಗತ. ಹೀಗಾಗಿ ತಿಳಿಯದಿದ್ದರೂ 'ಹಾಯ್' ಎಂದುಬಿಡುವುದು ನಮ್ಮ ಹುಡುಗರಿಗೆ ಬಹಳ ಸುಲಭ. ಕೀಟನಾಶಕಕ್ಕೆ ಎಷ್ಟು ಪಾಲು ನೀರು ಬೆರೆಸಬೇಕು, ಮಣ್ಣು ಮಗುಚುವ ಯಂತ್ರವನ್ನು ಯಾವಾಗ ನಿಲ್ಲಿಸಬೇಕು ಎಂಬ ಮಾತಿಗೆ ಸುಳ್ಳು 'ಹಾಯ್' ಹೇಳಿದರೆ ಅದರ ಫಲವನ್ನು ಕೈಬೆರಳುಗಳು ಅನುಭವಿಸಬೇಕಾದೀತು. ಆದುದರಿಂದ ಮೊದಲು ಕಲಿಯಬೇಕಾದ ಮಾತು 'ವಾಕಾರಿಮಾಸೆನ್', ಅಂದರೆ 'ತಿಳಿಯಲಿಲ್ಲ'. ಅದನ್ನು ಹೇಳುವುದರಲ್ಲಿ ಅವಮಾನವಿಲ್ಲ. ಅಪ್ಪಣೆಯನ್ನು ಕೇಳಿದವನು ಅದನ್ನೇ ತಿರುಗಿ ಒಪ್ಪಿಸುವ ರೂಢಿ ಜಪಾನೀಯರಲ್ಲಿಯೇ ಇದೆ. ನಮ್ಮ ತೋಟದ ಯಜಮಾನರು ಪ್ರತಿ ಮುಂಜಾನೆ ನನ್ನಿಂದ ಆ ದಿನದ ಕೆಲಸವನ್ನು ನನ್ನ ಮುರುಕು ಜಪಾನಿಯಲ್ಲಿ ಹೇಳಿಸುತ್ತಿದ್ದರು; ತಪ್ಪಿದರೆ ತಿದ್ದಿ ಮತ್ತೆ ಹೇಳಿಸುತ್ತಿದ್ದರು. ವರದಿ ಮಾಡು, ಸುದ್ದಿ ಮುಟ್ಟಿಸು, ಸಲಹೆ ಕೇಳು ಎಂಬ ಮೂರು ಮಾತುಗಳ ಮೊದಲಕ್ಷರ ಕೂಡಿಸಿ ಅವರು 'ಹೋ-ರೆನ್-ಸೋ' ಎಂಬ ಸೂತ್ರ ಮಾಡಿಕೊಂಡಿದ್ದಾರೆ. ಪಾಲಕ ಸೊಪ್ಪಿಗೂ ಅವರ ಭಾಷೆಯಲ್ಲಿ ಅದೇ ಹೆಸರು. ಕಾಯಿಪಲ್ಯದ ತೋಟದಲ್ಲಿ ಈ ಸೂತ್ರವನ್ನು ಮರೆಯುವುದು ಕಷ್ಟ!

ಮನೆಯ ಬದುಕಿನಲ್ಲಿ ನಮ್ಮವರನ್ನು ಮೊದಲು ಪರೀಕ್ಷಿಸುವುದು ಕಸ. ನಮ್ಮಲ್ಲಿ ಮನೆಯ ಕಸ, ದನದ ಸಗಣಿ, ಒಲೆಯ ಬೂದಿ ಎಲ್ಲಕ್ಕೂ ತಿಪ್ಪೆಯೊಂದೇ ಗತಿ. ಅಲ್ಲಿ ಸುಡುವ ಕಸಕ್ಕೆ ಒಂದು ವಾರ, ಸುಡದ್ದಕ್ಕೆ ಇನ್ನೊಂದು, ಬಾಟಲಿ-ಡಬ್ಬಿಗಳಿಗೆ ಮತ್ತೊಂದು. ಪುರಸಭೆಯ ಪಂಚಾಂಗವೇ ಗೋಡೆಯ ಮೇಲೆ ತೂಗುತ್ತಿರುತ್ತದೆ. ತಪ್ಪು ದಿನ ಇಟ್ಟ ಚೀಲವನ್ನು ಗಾಡಿಯವರು ಒಯ್ಯದೆ ಅಲ್ಲಿಯೇ ಬಿಟ್ಟು ಹೋಗುತ್ತಾರೆ. ಹೊಸಬನ ಕುರಿತು ಓಣಿಯವರ ಅಭಿಪ್ರಾಯ ರೂಪುಗೊಳ್ಳುವುದು ಬಹಳ ಮಟ್ಟಿಗೆ ಈ ಚೀಲದಿಂದಲೇ. ಊಟದ ವಿಷಯದಲ್ಲಿ ಶಾಕಾಹಾರಿಗಳು ಎಚ್ಚರವಾಗಿರಬೇಕು. ನೋಡಲು ಬರೀ ಕಾಯಿಪಲ್ಯದ ಸಾರಿನಂತಿದ್ದರೂ ಅದರ ತಿಳಿಯಲ್ಲಿ ಒಣಮೀನಿನ ರಸವಿರುವುದು ಸಾಮಾನ್ಯ. ರೊಟ್ಟಿಯ ಬಯಕೆಯಂತೂ ಬಿಡಲೊಲ್ಲದು. ರವಿವಾರ ಗೋದಿ ಹಿಟ್ಟು ನಾದಿ ಚಪಾತಿ ಮಾಡಿಕೊಂಡು ಚಟ್ನಿಪುಡಿಯೊಡನೆ ತಿಂದು ಸಮಾಧಾನ ಪಡುತ್ತಿದ್ದೆ. ಸಂಜೆ ಕೆಲಸ ಬಿಡುವಾಗ ಒಬ್ಬರಿಗೊಬ್ಬರು 'ಓತ್ಸುಕಾರೆಸಾಮಾ' ಎನ್ನುತ್ತಾರೆ. 'ದಣಿದಿರಿ' ಎಂಬ ಭಾವ ಅದರಲ್ಲಿದೆ. ಹೊಲದಿಂದ ಬಂದವನನ್ನು ನಮ್ಮ ಓಣಿಯ ಹಿರಿಯರು 'ದಣದೀಯೇನಪಾ' ಎಂದು ಮಾತಾಡಿಸುವುದನ್ನು ಕೇಳಿ ಬೆಳೆದವನಿಗೆ ಆ ಒಂದು ಸೊಲ್ಲು ದೊಡ್ಡ ಆಸರೆ.

ಒಂಟಿತನವನ್ನು ಮುಚ್ಚಿಟ್ಟು ಮಾತಾಡುವುದು ಸರಿಯಲ್ಲ. ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ಮೂರೂವರೆ ತಾಸು ಮುಂದೆ. ಇಲ್ಲಿ ದನ ಮನೆಗೆ ಬರುವ ಹೊತ್ತಿಗೆ ಅಲ್ಲಿ ಮಲಗುವ ವೇಳೆ. ಪಂಪನ ತಾಯಿಯ ತವರು ನಮ್ಮ ಅಣ್ಣಿಗೇರಿ. ವೇಮುಲವಾಡದ ಅರಿಕೇಸರಿಯ ಆಸ್ಥಾನದಲ್ಲಿದ್ದುಕೊಂಡು ಆ ಮಹಾಕವಿ ಬನವಾಸಿಗಾಗಿ ಹಂಬಲಿಸಿದನು. ಹಂಬಲಿಸುತ್ತಲೇ ಅಲ್ಲಿ ತನ್ನ ಮಹಾಕಾವ್ಯವನ್ನೂ ಪೂರೈಸಿದನು. ಊರ ನೆನಪು ಬರುವುದು ದೌರ್ಬಲ್ಯವೆಂದು ತಿಳಿಯುವ ತರುಣರಿಗೆ ನಾನು ಈ ನಿದರ್ಶನ ಹೇಳುವುದುಂಟು. ಮನೆಯವರೂ ಫೋನಿನಲ್ಲಿ "ಎಷ್ಟು ರೊಕ್ಕ ಕಳಿಸ್ತೀ" ಎಂದು ಕೇಳುವ ಮೊದಲು "ಉಂಡೆಯೇನಪ್ಪಾ, ಇವತ್ತು ಏನು ಕಲಿತೆ" ಎಂದು ಕೇಳಿದರೆ ಆ ಹುಡುಗನ ಮರುದಿನದ ಕೆಲಸ ಹಗುರಾಗುತ್ತದೆ.

ಇನ್ನು ಕೆಲಸಗಾರನ ಪಕ್ಷ. 2010ರ ಜುಲೈಗೆ ಮುಂಚೆ ಮೊದಲ ವರ್ಷದ ಶಿಕ್ಷಾರ್ಥಿಗೆ ಜಪಾನಿನ ಕಾರ್ಮಿಕ ಕಾನೂನುಗಳ ಆಸರೆಯಿರಲಿಲ್ಲ. ಬಳಿಕ, ಆರಂಭದ ಪಾಠಗಳು ಮುಗಿದೊಡನೆ ಅವನಿಗೂ ಕನಿಷ್ಠ ಕೂಲಿ ಸಲ್ಲತೊಡಗಿತು. ಈ ದರ ಪ್ರಾಂತದಿಂದ ಪ್ರಾಂತಕ್ಕೆ ಬೇರೆ. ಇಬಾರಾಕಿಯಲ್ಲಿ 2023ರಲ್ಲಿ ತಾಸಿಗೆ 953 ಯೆನ್ ಇದ್ದುದು 2024ರ ಅಕ್ಟೋಬರಿನಲ್ಲಿ 1005ಕ್ಕೆ ಏರಿತು. ಪಗಾರದ ಚೀಟಿಯಲ್ಲಿ ಕೂಡಿಸಿದ್ದಕ್ಕಿಂತ ಕಳೆದುದನ್ನು ಹೆಚ್ಚು ಲಕ್ಷ್ಯಗೊಟ್ಟು ಓದಬೇಕು: ವಿಮೆ, ಪಿಂಚಣಿ ವಂತಿಗೆ, ಆದಾಯ ತೆರಿಗೆ, ಬಾಡಿಗೆ. ಹಿಂದಿನ ವರ್ಷದ ಗಳಿಕೆಯ ಮೇಲೆ ಹಾಕುವ ನಿವಾಸ ತೆರಿಗೆಯೊಂದುಂಟು. ಅದು ಮೊದಲ ವರ್ಷ ಬಾರದೆ ಎರಡನೆಯ ವರ್ಷ ಬರುತ್ತದೆ. ಪಗಾರ ಕಡಿಮೆಯಾಯಿತೆಂದು ಎರಡನೆಯ ವರ್ಷ ಅನೇಕರು ಗಾಬರಿಪಡುವುದು ಇದರಿಂದ. ಆರೋಗ್ಯ ವಿಮೆಯಿದ್ದರೆ ಆಸ್ಪತ್ರೆಯ ವೆಚ್ಚದ ಹತ್ತರಲ್ಲಿ ಮೂರು ಪಾಲು ಮಾತ್ರ ನಮ್ಮ ಮೇಲೆ. ಪಿಂಚಣಿಗೆಂದು ಕಟ್ಟಿದುದರಲ್ಲಿ ಒಂದಂಶವನ್ನು ದೇಶ ಬಿಟ್ಟ ಎರಡು ವರ್ಷಗಳೊಳಗೆ ಅರ್ಜಿ ಹಾಕಿ ಮರಳಿ ಪಡೆಯಬಹುದು. ಬೇಸಾಯಕ್ಕೆ ಹೋಗುವವರು ಇನ್ನೊಂದನ್ನು ಗಮನಿಸಬೇಕು: ಕೆಲಸದ ತಾಸು, ವಿರಾಮ, ರಜೆಗಳ ಕುರಿತು ಅಲ್ಲಿಯ ಕಾರ್ಮಿಕ ಕಾಯಿದೆಯ ನಿಯಮಗಳು 41ನೆಯ ಕಲಮಿನಂತೆ ಕೃಷಿಗೆ ಅನ್ವಯಿಸುವುದಿಲ್ಲ. ಆದುದರಿಂದ ಹೆಚ್ಚಿನ ತಾಸಿಗೆ ಹೆಚ್ಚಿನ ಕೂಲಿಯುಂಟೋ, ವಾರದ ರಜೆ ಯಾವುದು ಎಂಬುದು ಕರಾರಿನಲ್ಲಿಯೇ ಬರೆದಿರಬೇಕು. ನಾನು ದಿನದ ತಾಸುಗಳನ್ನು ಒಂದು ಸಣ್ಣ ವಹಿಯಲ್ಲಿ ಬರೆದಿಡುತ್ತಿದ್ದೆ. ತಿಂಗಳ ಕೊನೆಗೆ ಯಜಮಾನರ ಲೆಕ್ಕಕ್ಕೂ ನನ್ನದಕ್ಕೂ ತಾಳೆ ನೋಡುವುದು ನಮ್ಮಿಬ್ಬರಿಗೂ ಅನುಕೂಲವಾಯಿತು.

ಈ ಪದ್ಧತಿಯ ದೊಡ್ಡ ಕೊರತೆಯೆಂದರೆ ಶಿಕ್ಷಾರ್ಥಿಗೆ ಸಾಮಾನ್ಯವಾಗಿ ಮಾಲಿಕನನ್ನು ಬದಲಿಸುವ ಅವಕಾಶ ಇಲ್ಲದಿದ್ದುದು. ಒಳ್ಳೆಯವನು ಸಿಕ್ಕರೆ ಪುಣ್ಯ. ಇಲ್ಲವಾದರೆ ಸಹಿಸುವುದು ಅಥವಾ ಓಡಿಹೋಗುವುದು. 2023ರಲ್ಲಿ ನಾನಾ ದೇಶಗಳ 9753 ಶಿಕ್ಷಾರ್ಥಿಗಳು ಕೆಲಸದ ಸ್ಥಳಗಳಿಂದ ಕಾಣೆಯಾದರೆಂದು ಜಪಾನ್ ಸರಕಾರವೇ ಲೆಕ್ಕ ಕೊಟ್ಟಿದೆ. ಓಡಿಹೋದವನು ಕಾನೂನಿನ ಆಸರೆಯನ್ನೂ ಕಳೆದುಕೊಂಡು ಇನ್ನೂ ಕೆಟ್ಟವರ ಕೈಗೆ ಬೀಳುತ್ತಾನೆ. ಅದಕ್ಕೆ ಮುಂಚೆ ತಟ್ಟಬಹುದಾದ ಬಾಗಿಲುಗಳುಂಟು: ಮೇಲ್ವಿಚಾರಣೆಯ ಸಂಘ, ಶಿಕ್ಷಾರ್ಥಿಗಳಿಗೆಂದೇ 2017ರಲ್ಲಿ ಸ್ಥಾಪಿಸಿದ ಸರಕಾರಿ ಸಂಸ್ಥೆ, ಕಾರ್ಮಿಕ ತನಿಖಾ ಕಚೇರಿ, ತೋಕಿಯೋದಲ್ಲಿಯ ನಮ್ಮ ರಾಯಭಾರ ಕಚೇರಿ. ದೂರು ಕೇಳುವವರಿಗೆ ಕನ್ನಡ ಬಾರದಿದ್ದರೂ ಇಂಗ್ಲಿಷಿನಲ್ಲಿ ವ್ಯವಹರಿಸಬಹುದು. ಈ ಕೊರತೆಯನ್ನು ಮನಗಂಡೇ ಜಪಾನಿನ ಸಂಸತ್ತು 2024ರ ಜೂನ್‌ನಲ್ಲಿ ಹೊಸ ಕಾಯಿದೆ ಮಾಡಿತು. ಅದರಂತೆ ಹಳೆಯ ಪದ್ಧತಿ ಹೋಗಿ, ಒಂದೆರಡು ವರ್ಷ ದುಡಿದು ಭಾಷೆ-ಕಸಬುಗಳ ಪರೀಕ್ಷೆಯಲ್ಲಿ ಗೆದ್ದವನಿಗೆ ಮಾಲಿಕನನ್ನು ಬದಲಿಸುವ ಹಕ್ಕುಳ್ಳ ಪದ್ಧತಿ ಬರಬೇಕು. ಅದರ ಜಾರಿಗೆ 2027ರ ಏಪ್ರಿಲ್ ಗೊತ್ತುಪಡಿಸಿದ್ದಾರೆ. ಇನ್ನು ಮೇಲೆ ಹೋಗುವವರು ತಮಗೆ ಯಾವ ಕಾಯಿದೆ ಸಲ್ಲುತ್ತದೆಂದು ವಿಚಾರಿಸಿಯೇ ಹೊರಡಬೇಕು.

ನೀವು ಅಲ್ಲಿಂದ ಏನು ತಂದಿರಿ ಎಂದು ಊರಿನ ಹಿರಿಯರು ಕೇಳುತ್ತಾರೆ. ಪ್ಲಾಸ್ಟಿಕ್ ಹೊದಿಕೆಯ ಹಸಿರುಮನೆಯನ್ನು ನಮ್ಮ ಬಿಸಿಲಿಗೂ ನಮ್ಮ ಎರೆ ನೆಲಕ್ಕೂ ಹಾಗೆಯೇ ತಂದು ನಿಲ್ಲಿಸಲಾಗದು. ಆದರೆ ಬಿತ್ತಿದ ದಿನ, ಬಿದ್ದ ಮಳೆ, ಹಾಕಿದ ಗೊಬ್ಬರ, ತಗಲಿದ ಖರ್ಚು ಇವನ್ನು ಪ್ರತಿ ಸಂಜೆ ಬರೆದಿಡುವ ರೂಢಿ ಯಾವ ಮಣ್ಣಿನಲ್ಲಿಯೂ ಬೇರು ಬಿಡುತ್ತದೆ. ಅಲ್ಲಿಯ ಒಕ್ಕಲಿಗರು ತಮ್ಮ ಸಹಕಾರಿ ಸಂಘದ ಅಂಗಳಕ್ಕೆ ಮಾಲು ತಂದು, ಒಂದೇ ಅಳತೆಗೆ ವಿಂಗಡಿಸಿ, ಒಂದೇ ಹೆಸರಿನಲ್ಲಿ ಪೇಟೆಗೆ ಕಳಿಸುವುದನ್ನು ಮೂರು ವರ್ಷ ನೋಡಿದೆ. ಕುಂದಗೋಳದ ಮೆಣಸಿನಕಾಯಿಗೂ ನವಲಗುಂದದ ಉಳ್ಳಾಗಡ್ಡಿಗೂ ಇದು ಏಕೆ ಆಗಬಾರದೆಂದು ನನ್ನ ವಾರಿಗೆಯವರೊಡನೆ ಮಾತಾಡುತ್ತಿದ್ದೇನೆ. ಸಹಕಾರವೇನೂ ನಮಗೆ ಪರದೇಶದ ವಿದ್ಯೆಯಲ್ಲ. ಅಂದು ಧಾರವಾಡ ಜಿಲ್ಲೆಯಲ್ಲಿದ್ದ, ಈಗ ಗದಗ ಜಿಲ್ಲೆಗೆ ಸೇರಿದ ಕಣಗಿನಹಾಳದಲ್ಲಿ 1905ರಲ್ಲಿಯೇ ಸಿದ್ದನಗೌಡ ಪಾಟೀಲರು ಕೃಷಿ ಸಹಕಾರಿ ಸಂಘ ಕಟ್ಟಿದ್ದರು. ನಮ್ಮ ಹೊಲದಿಂದ ಆ ಊರು ದೂರವೇನಲ್ಲ. ಬರುವ ಹಂಗಾಮಿನ ಉಳ್ಳಾಗಡ್ಡಿಯನ್ನು ಕೂಡಿ ವಿಂಗಡಿಸಲು ನಮ್ಮ ಊರಿನ ಏಳು ಮನೆತನಗಳು ಒಪ್ಪಿವೆ; ಲೆಕ್ಕದ ವಹಿ ಬರೆಯುವ ಹೊಣೆ ನನಗೆ ಬಂದಿದೆ.